ವರದಿ ಕೈಸೇರುವ ತನಕ

ಈ ಸಲ ಬಂದ ಪತ್ರಗಳ ಪೈಕಿ ಮೂರರ ವಿಷಯ ಒಂದೇ ಆಗಿದೆ: ಪರೀಕ್ಷೆ ಮಾಡಿಸಿಯಾಗಿದೆ, ವರದಿಯ ಬಗ್ಗೆ ಭಯವಿದೆ, ನಡುವಿನ ದಿನಗಳನ್ನು ಕಳೆಯುವುದು ಹೇಗೆಂದು ತಿಳಿಯುತ್ತಿಲ್ಲ. ಪತ್ರ ಬರೆದವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಇಡೀ ಅಂಕಣವನ್ನು ಈ ಮೂರಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನಗೆ 43 ವರ್ಷ, ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಕಳೆದ ತಿಂಗಳು ಸ್ನಾನ ಮಾಡುವಾಗ ಎಡ ಸ್ತನದಲ್ಲಿ ಅವರೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ಮ್ಯಾಮೊಗ್ರಾಂ ಮತ್ತು ಸ್ಕ್ಯಾನಿಂಗ್ ಮಾಡಿಸಿದೆವು. ವರದಿಯ ಕೊನೆಯಲ್ಲಿ ‘ಬೈರಾಡ್ಸ್ 4ಎ’ ಎಂದೂ ಅದರ ಪಕ್ಕದಲ್ಲೇ ‘ಸಸ್ಪಿಷಿಯಸ್’ (ಅನುಮಾನಾಸ್ಪದ) ಎಂದೂ ಇತ್ತು. ಸೂಜಿಯಿಂದ ಬಯಾಪ್ಸಿ ಮಾಡಿ, ನನ್ನ ಹೆಸರು ಬರೆದ ಚೀಟಿ ಅಂಟಿಸಿದ ಚಿಕ್ಕ ಬಾಟಲಿಯನ್ನು ನಮ್ಮ ಯಜಮಾನರ ಕೈಗೇ ಕೊಟ್ಟು, ರಸ್ತೆಯಾಚೆಯ ಲ್ಯಾಬಿಗೆ ತಲುಪಿಸಲು ಹೇಳಿದರು. ಏಳರಿಂದ ಹತ್ತು ದಿನ ಬೇಕು ಎಂದಿದ್ದಾರೆ. ಇಂದಿಗೆ ಆರು ದಿನ. ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ, ಮೊಬೈಲು ಹಿಡಿದು ಓದುತ್ತಾ ಕೂರುತ್ತೇನೆ, ಅಂಗೈ ಬೆವರಿ ಎದೆ ಡವಡವ ಹೊಡೆದುಕೊಳ್ಳುತ್ತದೆ. ಗಂಟನ್ನು ದಿನಕ್ಕೆ ಎಷ್ಟು ಸಲ ಮುಟ್ಟಿ ನೋಡುತ್ತೇನೋ ಲೆಕ್ಕವಿಲ್ಲ. ಈಗ ಅಲ್ಲಿ ನೋವೂ ಶುರುವಾಗಿದೆ. ನನ್ನ ದೊಡ್ಡಮ್ಮ ಇದೇ ಕಾಯಿಲೆಯಿಂದ ತೀರಿಕೊಂಡರು. ‘ಏನೂ ಆಗಿರುವುದಿಲ್ಲ, ಸುಮ್ಮನಿರು’ ಎಂದು ಯಜಮಾನರು ಹೇಳಿದರೆ, ‘ಗಂಟಿಗೆ ಸೂಜಿ ಚುಚ್ಚಿಸಬಾರದಿತ್ತು, ಕೆರಳುತ್ತದೆ’ ಎಂದು ಅತ್ತೆಯವರು ಹೇಳುತ್ತಾರೆ. ಮಗಳು ದ್ವಿತೀಯ ಪಿಯುಸಿ, ಪರೀಕ್ಷೆ ಹತ್ತಿರವಿದೆ, ಅವಳಿಗೆ ತಿಳಿಸಿಲ್ಲ. ಉಳಿದ ನಾಲ್ಕು ದಿನಗಳನ್ನು ಹೇಗೆ ಕಳೆಯಲಿ?

ಉತ್ತರ: ನಿಮ್ಮನ್ನು ಹೆದರಿಸಿದ ಆ ಎರಡು ಪದಗಳಿಂದಲೇ ಆರಂಭಿಸುತ್ತೇನೆ. ಬೈರಾಡ್ಸ್ ಎಂಬುದು ಅಮೆರಿಕದ ರೇಡಿಯಾಲಜಿ ವೈದ್ಯರ ಸಂಸ್ಥೆ ರೂಪಿಸಿದ, ನಮ್ಮ ಸ್ಕ್ಯಾನಿಂಗ್ ಕೇಂದ್ರಗಳೂ ಬಳಸುವ ಒಂದು ಶ್ರೇಣಿ ವ್ಯವಸ್ಥೆ. ಅದರಲ್ಲಿ 4 ಎಂದರೆ ಚಿತ್ರ ನೋಡಿದ ಮಾತ್ರಕ್ಕೆ ತೀರ್ಮಾನಿಸಲು ಬಾರದು, ತುಣುಕು ತೆಗೆದು ನೋಡುವುದು ಒಳ್ಳೆಯದು ಎಂದರ್ಥ. ಆ 4ನ್ನು ಮತ್ತೆ ಎ, ಬಿ, ಸಿ ಎಂದು ವಿಂಗಡಿಸಿದ್ದಾರೆ. ನಿಮಗೆ ಬಂದಿರುವ 4ಎ ಇವುಗಳಲ್ಲಿ ಅತ್ಯಂತ ಕಡಿಮೆ ಅನುಮಾನದ್ದು. ಅದರಲ್ಲಿ ಕ್ಯಾನ್ಸರ್ ಇರುವ ಸಾಧ್ಯತೆ ಶೇ 2ಕ್ಕಿಂತ ಹೆಚ್ಚು, ಶೇ 10ರೊಳಗೆ ಎಂದು ಆ ವ್ಯವಸ್ಥೆಯೇ ಹೇಳುತ್ತದೆ. ಅಂದರೆ ಇದೇ ಶ್ರೇಣಿಯ ವರದಿ ಹಿಡಿದ ನೂರು ಹೆಂಗಸರಲ್ಲಿ ತೊಂಬತ್ತು ಅಥವಾ ಅದಕ್ಕೂ ಹೆಚ್ಚು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ. ಫೈಬ್ರೊಅಡಿನೋಮ ಎಂಬ ನಿರಪಾಯಕಾರಿ ಗಡ್ಡೆ, ನೀರು ತುಂಬಿದ ಗುಳ್ಳೆ ಅಥವಾ ಹಾರ್ಮೋನುಗಳ ಏರಿಳಿತದಿಂದಾದ ಗಂಟು ಇರುತ್ತದೆ. ‘ಸಸ್ಪಿಷಿಯಸ್’ ಎಂಬ ಪದ 4ನೇ ಶ್ರೇಣಿಯ ಎಲ್ಲರ ವರದಿಯಲ್ಲೂ ಅಚ್ಚಾಗುತ್ತದೆ; ಅದು ನಿಮಗಾಗಿ ಪ್ರತ್ಯೇಕವಾಗಿ ಬರೆದ ಪದವಲ್ಲ. ನಿಮಗೆ ಏನೂ ಇಲ್ಲವೆಂದು ನಾನು ಹೇಳುತ್ತಿಲ್ಲ, ಹಾಗೆ ಹೇಳುವ ಅಧಿಕಾರ ಬಯಾಪ್ಸಿ ವರದಿಗೆ ಮಾತ್ರ ಇದೆ. ಆದರೆ ನಿಮ್ಮ ಮನಸ್ಸು ಆ ಶೇ 10ನ್ನು ಹಿಡಿದುಕೊಂಡು ಶೇ 90ನ್ನು ಬಿಟ್ಟುಬಿಟ್ಟಿದೆ ಎಂಬುದನ್ನು ತೋರಿಸಲೇಬೇಕು.

ನೋವಿನ ಕಾರಣ ಬಹುಮಟ್ಟಿಗೆ ನಿಮ್ಮ ಪತ್ರದಲ್ಲೇ ಇದೆ. ಬಯಾಪ್ಸಿ ಸೂಜಿ ಹೋದ ಜಾಗದಲ್ಲಿ ಒಳಗೆ ಸ್ವಲ್ಪ ರಕ್ತ ಹೆಪ್ಪುಗಟ್ಟಿ ಕೆಲವು ದಿನ ನೀಲಿಗಟ್ಟಿ ನೋಯುವುದು ಸಹಜ. ಅದರ ಮೇಲೆ ದಿನಕ್ಕೆ ಹತ್ತಾರು ಸಲ ಒತ್ತಿ ನೋಡಿದರೆ ಆರೋಗ್ಯವಂತ ಜಾಗವೂ ನೋಯುತ್ತದೆ. ಜ್ವರ ಬಂದರೆ, ಆ ಜಾಗ ಕೆಂಪಾಗಿ ಬಿಸಿಯಾದರೆ ಅಥವಾ ಊತ ಹೆಚ್ಚುತ್ತಾ ಹೋದರೆ ಮಾತ್ರ ಕೂಡಲೇ ವೈದ್ಯರಿಗೆ ತೋರಿಸಿ. ಅತ್ತೆಯವರ ಮಾತು ನಮ್ಮ ಕಡೆ ಬಹಳ ಮನೆಗಳಲ್ಲಿ ಕೇಳಿಬರುವಂಥದ್ದು. ಅವರು ಅಕ್ಕರೆಯಿಂದಲೇ ಹೇಳಿದ್ದಾರೆ, ಆದರೆ ಸೂಜಿ ಪರೀಕ್ಷೆಯಿಂದ ಕಾಯಿಲೆ ಬಿಗಡಾಯಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ. ಈ ಭಯದಿಂದ ಬಯಾಪ್ಸಿಯನ್ನು ತಿಂಗಳುಗಟ್ಟಲೆ ಮುಂದೂಡಿದವರಿಗೆ ಆಗಿರುವ ಹಾನಿ ನಿಜವಾದದ್ದು. ನೀವು ಮಾಡಿಸಿದ್ದು ಸರಿಯಾದ ಕೆಲಸ. ಒಂದು ವಾರ, ಹತ್ತು ದಿನದ ಕಾಯುವಿಕೆಯಿಂದ ಚಿಕಿತ್ಸೆಯ ಫಲ ಬದಲಾಗುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಇನ್ನು ಆ ಬಾಟಲಿಯ ವಿಷಯ. ಯಜಮಾನರು ಕೊಟ್ಟುಬಂದ ಮೇಲೆ ಅದು ಎಲ್ಲಿದೆ, ಏನಾಗುತ್ತಿದೆ ಎಂಬುದು ಗೊತ್ತಿಲ್ಲದ್ದರಿಂದಲೇ ಮನಸ್ಸು ಆ ಖಾಲಿ ಜಾಗವನ್ನು ತನಗೆ ತೋಚಿದ್ದರಿಂದ ತುಂಬಿಸಿಕೊಳ್ಳುತ್ತದೆ. ಬಾಟಲಿಯಲ್ಲಿದ್ದದ್ದು ನೀರಲ್ಲ, ಫಾರ್ಮಲಿನ್. ನೂಲಿನ ಎಳೆಯಂಥ ಆ ತುಣುಕುಗಳು ಕೊಳೆಯದೆ ಗಟ್ಟಿಯಾಗಲು ಸ್ತನದ ಮಾದರಿಯನ್ನು ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ ಅದರಲ್ಲಿ ಇಡುತ್ತಾರೆ. ಬಳಿಕ ಹಂತಹಂತವಾಗಿ ನೀರಿನ ಅಂಶ ತೆಗೆದು, ಕರಗಿದ ಮೇಣದಲ್ಲಿ ಅದ್ದಿ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಮೇಣದ ಅಚ್ಚು ಮಾಡುತ್ತಾರೆ. ಆ ಅಚ್ಚಿನಿಂದ ತಂತ್ರಜ್ಞರು ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ನಾಲ್ಕು ಭಾಗದಷ್ಟು ತೆಳ್ಳಗಿನ ಪದರಗಳನ್ನು ಹೆರೆದು, ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಗಾಜಿನ ಪಟ್ಟಿಗೆ ಎತ್ತಿಕೊಂಡು, ನೇರಳೆ ಮತ್ತು ಗುಲಾಬಿ ಬಣ್ಣ ಹಾಕುತ್ತಾರೆ. ಅದಾದ ಮೇಲೆ ಪೆಥಾಲಜಿ ವೈದ್ಯರು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅನುಮಾನವಿದ್ದರೆ ಇನ್ನಷ್ಟು ಪದರ ಕತ್ತರಿಸಲು ಹೇಳುತ್ತಾರೆ, ಸಹೋದ್ಯೋಗಿಗೆ ತೋರಿಸುತ್ತಾರೆ, ಕೆಲವೊಮ್ಮೆ ವಿಶೇಷ ಬಣ್ಣದ ಪರೀಕ್ಷೆಗೆ ಕಳಿಸುತ್ತಾರೆ. ನಡುವೆ ಭಾನುವಾರ ಬರುತ್ತದೆ, ಹಬ್ಬದ ರಜೆ ಬರುತ್ತದೆ. ಆದ್ದರಿಂದ ಹತ್ತನೆಯ ದಿನ ದಾಟಿದರೂ ಅದರಿಂದ ಯಾವ ಅರ್ಥವನ್ನೂ ಕಟ್ಟಿಕೊಳ್ಳಬೇಡಿ. ತಡವಾದ ವರದಿ ಕೆಟ್ಟ ವರದಿಯೆಂದು ನಂಬಿ ಊಟ ಬಿಟ್ಟವರನ್ನು ನಾನು ನೋಡಿದ್ದೇನೆ. ತಡಕ್ಕೆ ಕಾರಣ ಮೇಣದ ಅಚ್ಚನ್ನು ಇನ್ನೊಮ್ಮೆ ಕತ್ತರಿಸಬೇಕಾಗಿ ಬಂದದ್ದಷ್ಟೇ ಆಗಿತ್ತು.

ದೊಡ್ಡಮ್ಮನವರ ವಿಷಯವನ್ನು ನಿಮ್ಮ ಸರ್ಜನ್‌ಗೆ ಹೇಳಿ. ಅವರಿಗೆ ಯಾವ ವಯಸ್ಸಿನಲ್ಲಿ ಕಾಯಿಲೆ ಬಂತು ಎಂಬುದನ್ನೂ ತಿಳಿಸಿ. ಆದರೆ ಸ್ತನ ಕ್ಯಾನ್ಸರ್‌ಗಳಲ್ಲಿ ವಂಶವಾಹಿಯಾಗಿ ಬರುವಂಥವು ಶೇ 5ರಿಂದ 10ರಷ್ಟು ಮಾತ್ರ. ಅವರ ಕಾಲದ ಚಿಕಿತ್ಸೆಯೂ ಇಂದಿನದಲ್ಲ.

ಈಗ ಮನಸ್ಸಿನ ಮಾತು. 2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಜ್ಞಾನಿಗಳು 45 ಮಂದಿಯನ್ನು ಕೂರಿಸಿ ಕಂಪ್ಯೂಟರಿನಲ್ಲಿ ಒಂದು ಆಟ ಆಡಿಸಿದರು. ಪರದೆಯ ಮೇಲಿನ ಕಲ್ಲಿನ ಕೆಳಗೆ ಹಾವಿದೆಯೇ ಇಲ್ಲವೇ ಎಂದು ಊಹಿಸಬೇಕು, ಹಾವಿದ್ದರೆ ಕೈಗೆ ನೋಯುವಂಥ ಸಣ್ಣ ವಿದ್ಯುತ್ ಆಘಾತ. ಅವರ ಬೆವರು ಮತ್ತು ಕಣ್ಣಪಾಪೆಯನ್ನು ಅಳೆದಾಗ, ಆಘಾತ ಖಂಡಿತ ಎಂದು ಗೊತ್ತಿದ್ದಾಗಿನದಕ್ಕಿಂತ ಇದೆಯೋ ಇಲ್ಲವೋ ಸಮಸಮ ಎಂಬಂತಿದ್ದಾಗ ಒತ್ತಡ ಹೆಚ್ಚಾಗಿತ್ತು. ಎರಡು ಗಂಟೆ ರಾತ್ರಿಯಲ್ಲಿ ನಿಮ್ಮ ಅಂಗೈ ಬೆವರುತ್ತಿರುವುದು ನೀವು ಧೈರ್ಯಗೆಟ್ಟವರಾದ್ದರಿಂದ ಅಲ್ಲ, ಮನುಷ್ಯದೇಹ ಇರುವುದೇ ಹಾಗೆ. ನನ್ನ ಥೈರಾಯ್ಡ್ ಗಂಟಿಗೆ ಸೂಜಿ ಪರೀಕ್ಷೆಯಾದಾಗ, ಅಂಥ ಗಂಟುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನಿರಪಾಯಕಾರಿ ಎಂದು ಚೆನ್ನಾಗಿ ತಿಳಿದಿದ್ದೂ, ನಾಲ್ಕು ದಿನ ಅನ್ನ ಸರಿಯಾಗಿ ಸೇರಲಿಲ್ಲ.

ಭಯ ಕೇಳುವುದು ಖಚಿತತೆಯನ್ನು. ಅದು ಈಗ ಆ ಮೇಣದ ಅಚ್ಚಿನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಮೊಬೈಲಿನಲ್ಲಿ ಇಲ್ಲ, ಬೆರಳ ತುದಿಯಲ್ಲಿ ಇಲ್ಲ, ಯಜಮಾನರ ಬಾಯಲ್ಲೂ ಇಲ್ಲ. ಗಂಟು ಮುಟ್ಟಿ ನೋಡಿದಾಗ ‘ದೊಡ್ಡದಾಗಿಲ್ಲ’ ಎಂಬ ಸಮಾಧಾನ ಐದು ನಿಮಿಷ ಇರುತ್ತದೆ, ಆಮೇಲೆ ‘ಸರಿಯಾಗಿ ನೋಡಿದೆನೋ ಇಲ್ಲವೋ’ ಎಂದು ಮತ್ತೆ ಕೈ ಹೋಗುತ್ತದೆ. ಹೀಗೆ ಮುಟ್ಟಿದಷ್ಟೂ ಭಯಕ್ಕೆ ರೂಢಿ ಬಲಿಯುತ್ತದೆ. ಹಾಗಾಗಿ ವರದಿ ಬರುವವರೆಗೆ ಗಂಟನ್ನು ಮುಟ್ಟುವುದಿಲ್ಲ ಎಂದು ನಿಶ್ಚಯಿಸಿ. ಪರೀಕ್ಷಿಸುವ ಕೆಲಸ ವೈದ್ಯರದ್ದಾಯಿತು, ನಿಮ್ಮದು ಮುಗಿದಿದೆ. ಮೊಬೈಲನ್ನು ಮಲಗುವ ಕೋಣೆಯಿಂದ ಹೊರಗಿಟ್ಟು, ಎಚ್ಚರದ ಗಂಟೆ ಬೇಕಿದ್ದರೆ ಯಜಮಾನರ ಫೋನಿನಲ್ಲಿ ಇಡಿಸಿ.

ಹಾಗೆಂದು ‘ಯೋಚಿಸಲೇಬೇಡ’ ಎಂದು ಮನಸ್ಸಿಗೆ ಅಪ್ಪಣೆ ಕೊಡಬೇಡಿ. ಔಷಧಿ ಕುಡಿಯುವಾಗ ಕೋತಿಯನ್ನು ನೆನೆಯಬೇಡ ಎಂದಂತೆ ಆಗುತ್ತದೆ. ಅದರ ಬದಲು ಚಿಂತೆಗೆ ಒಂದು ಹೊತ್ತು ಗೊತ್ತುಮಾಡಿ. ಶಾಲೆಯಿಂದ ಬಂದು ಕೈಕಾಲು ತೊಳೆದ ಮೇಲೆ, ಸಂಜೆ ಐದೂವರೆಯಿಂದ ಇಪ್ಪತ್ತು ನಿಮಿಷ, ಒಂದು ನೋಟ್‌ಬುಕ್ಕಿನಲ್ಲಿ ಮನಸ್ಸಿಗೆ ಬಂದ ಭಯಗಳನ್ನೆಲ್ಲ ಬರೆಯಿರಿ. ಉಳಿದ ಹೊತ್ತಿನಲ್ಲಿ ಅದೇ ಯೋಚನೆ ಬಂದಾಗ ‘ಸಂಜೆ ನೋಡೋಣ’ ಎಂದು ಅದಕ್ಕೆ ಹೇಳಿ ಕೈಯಲ್ಲಿದ್ದ ಕೆಲಸಕ್ಕೆ ಮರಳಿ. ಮೊದಲ ದಿನ ಇದು ಸುಳ್ಳೆನಿಸಬಹುದು, ಎರಡು ಮೂರು ದಿನಕ್ಕೆ ಹಿಡಿತ ಸಿಗುತ್ತದೆ. ಆ ನೋಟ್‌ಬುಕ್ಕಿನ ಕೊನೆಯ ಹಾಳೆಯನ್ನು ಮಾತ್ರ ವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳಿಗೆ ಬಿಡಿ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕೇಂದ್ರದ ಕೇಟ್ ಸ್ವೀನಿ ಎಂಬ ಮನಶ್ಶಾಸ್ತ್ರಜ್ಞೆ ಫಲಿತಾಂಶಕ್ಕೆ ಕಾಯುವವರನ್ನೇ ವರ್ಷಗಳಿಂದ ಅಧ್ಯಯನ ಮಾಡಿದ್ದಾರೆ. ಮೈಮರೆತು ಮುಳುಗುವಂಥ ಕೆಲಸದಲ್ಲಿ ತೊಡಗಿದವರಿಗೆ ಕಾಯುವ ಹೊತ್ತು ಹಗುರವಾಗುತ್ತದೆ ಎಂಬುದು ಅವರು ಕಂಡ ಸಂಗತಿಗಳಲ್ಲಿ ಒಂದು. ಟಿವಿ ಅಂಥ ಕೆಲಸವಲ್ಲ, ಕಣ್ಣು ಪರದೆಯ ಮೇಲಿದ್ದರೂ ಮನಸ್ಸು ಲ್ಯಾಬಿನ ಬಾಗಿಲಲ್ಲೇ ಇರುತ್ತದೆ. ಕಣ್ಣು, ಕೈ, ಎಣಿಕೆ ಮೂರೂ ಸೇರಬೇಕು: ಹದಿನೈದು ಚುಕ್ಕಿಯ ಎಳೆ ರಂಗೋಲಿ, ಮಲ್ಲಿಗೆ ಕಟ್ಟುವುದು, ಶಾಲೆಯ ಮಕ್ಕಳಿಗೆ ನಾಟಕ ಕಲಿಸುವುದು. ಒಂದು ಎಳೆ ತಪ್ಪಿದರೆ ಇಡೀ ರಂಗೋಲಿ ಕೆಡುವಂಥ ಕೆಲಸವಾದರೆ ಇನ್ನೂ ಒಳ್ಳೆಯದು. ರಜೆ ಹಾಕಿ ಮನೆಯಲ್ಲಿ ಕೂರಬೇಡಿ.

ರಾತ್ರಿ ಎಚ್ಚರವಾದಾಗ ಎದ್ದು ಕುಳಿತು, ನಾಲ್ಕು ಎಣಿಸುವವರೆಗೆ ಉಸಿರು ಒಳಗೆಳೆದು, ಆರು ಏಳು ಎಣಿಸುತ್ತಾ ನಿಧಾನವಾಗಿ ಹೊರಬಿಡಿ. ಉಸಿರು ಬಿಡುವ ಹೊತ್ತು ಉದ್ದವಾದಷ್ಟೂ ಹೃದಯದ ಬಡಿತ ತಗ್ಗುತ್ತದೆ, ಐದು ನಿಮಿಷ ಸಾಕು. ಮಧ್ಯಾಹ್ನದ ಮೇಲೆ ಕಾಫಿ ಬೇಡ. ಕುಡಿದ ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆ ಕಳೆದ ಮೇಲೂ ಮೈಯಲ್ಲಿ ಉಳಿದಿರುತ್ತದೆ. ಹೆದರಿಕೆ ತಡೆಯಲಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಸೇವೆ ಉಚಿತ, ಹಗಲಿರುಳೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ಯಜಮಾನರಿಗೆ ಒಂದು ಮಾತು ತಲುಪಿಸಿ: ‘ಏನೂ ಆಗಿರುವುದಿಲ್ಲ’ ಎನ್ನುವುದಕ್ಕಿಂತ ‘ನನಗೂ ಹೆದರಿಕೆಯಾಗುತ್ತಿದೆ, ಏನೇ ಬಂದರೂ ಜೊತೆಗಿರುತ್ತೇನೆ’ ಎನ್ನುವುದು ಹೆಚ್ಚು ಆಸರೆ ಕೊಡುತ್ತದೆ. ಮಗಳಿಗೆ ಹೇಳಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹದಿನೇಳು ಹದಿನೆಂಟರ ಹುಡುಗಿಗೆ ಅಮ್ಮನ ಮುಖ ಬಾಡಿರುವುದು ಕಾಣದೆ ಇರುವುದಿಲ್ಲ, ಕಾರಣ ತಿಳಿಯದಿದ್ದರೆ ತನ್ನದೇ ಕಾರಣ ಕಟ್ಟಿಕೊಳ್ಳುತ್ತಾಳೆ. ‘ಒಂದು ಗಂಟಿದೆ, ಪರೀಕ್ಷೆಗೆ ಕೊಟ್ಟಿದ್ದೇವೆ, ಹೆಚ್ಚಿನ ಪಾಲು ಇಂಥವು ಸಾಮಾನ್ಯ ಗಂಟುಗಳೇ, ವರದಿ ಬಂದ ದಿನ ನಿನಗೆ ಮುಚ್ಚಿಡುವುದಿಲ್ಲ’ ಎಂದಷ್ಟು ಹೇಳಿದರೆ ಸಾಕು.

ಕೊನೆಯದಾಗಿ, ವರದಿ ಬರುವ ರೀತಿಯನ್ನು ಇಂದೇ ಗೊತ್ತುಮಾಡಿಕೊಳ್ಳಿ. ಈಗ ಲ್ಯಾಬುಗಳು ವರದಿಯನ್ನು ನೇರವಾಗಿ ವಾಟ್ಸ್ಆ್ಯಪ್‌ಗೆ ಕಳಿಸಿಬಿಡುತ್ತವೆ. ಪಾಠ ಮಾಡುತ್ತಿರುವಾಗ ಫೋನು ಗುಂಯ್‌ಗುಟ್ಟಿ, ಅರ್ಥವಾಗದ ಪದಗಳನ್ನು ಒಬ್ಬರೇ ಓದಬೇಕಾಗಿ ಬರುವುದು ಬೇಡ. ವರದಿ ಮೊದಲು ವೈದ್ಯರಿಗೆ ಹೋಗಲಿ ಎಂದು ಲ್ಯಾಬಿಗೆ ಹೇಳಿ, ವೈದ್ಯರ ಭೇಟಿಗೆ ಸಮಯ ತೆಗೆದುಕೊಂಡು, ಯಜಮಾನರೊಂದಿಗೆ ಹೋಗಿ ಅವರೆದುರೇ ತೆರೆಸಿ. ಒಂದು ವೇಳೆ ಅದು ಕ್ಯಾನ್ಸರ್ ಎಂದೇ ಬಂದರೂ, ಅವರೆಕಾಳಿನಷ್ಟಿದ್ದಾಗಲೇ ಸಿಕ್ಕಿದ, ಬೇರೆಡೆ ಹರಡಿರದ ಗಡ್ಡೆಗೆ ಚಿಕಿತ್ಸೆಯ ಗುರಿ ಪೂರ್ತಿ ಗುಣಪಡಿಸುವುದೇ ಆಗಿರುತ್ತದೆ. ಎರಡನೆಯ ಅಭಿಪ್ರಾಯ ಬೇಕೆನಿಸಿದರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂಥ ಕಡೆ ಆ ಗಾಜಿನ ಪಟ್ಟಿಗಳನ್ನೂ ಮೇಣದ ಅಚ್ಚನ್ನೂ ತೋರಿಸಬಹುದು. ಲ್ಯಾಬಿನಲ್ಲಿ ಕೇಳಿದರೆ ಕೊಡುತ್ತಾರೆ.

ಪ್ರಶ್ನೆ: ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ವಯಸ್ಸು 29. ಎಂಟು ತಿಂಗಳಿಂದ ನನಗೆ ಹೃದಯದ ಕಾಯಿಲೆಯೋ ರಕ್ತದ ಕ್ಯಾನ್ಸರೋ ಇದೆಯೆಂಬ ಭಯ ಬಿಟ್ಟಿಲ್ಲ. ನಾಲ್ಕು ಇಸಿಜಿ, ಎರಡು ಎಕೋ, ಮೂರು ಸಲ ಫುಲ್ ಬಾಡಿ ಚೆಕಪ್ ಆಗಿದೆ. ಪ್ರತಿ ಸಲವೂ ವರದಿ ಬರುವ ತನಕ ಜೀವ ಕೈಯಲ್ಲಿ ಹಿಡಿದಿರುತ್ತೇನೆ. ವೈದ್ಯರು ಏನೂ ಇಲ್ಲ ಎಂದಾಗ ವಾರವೊಪ್ಪತ್ತು ನೆಮ್ಮದಿ, ಆಮೇಲೆ ವರದಿಯಲ್ಲಿ ದಪ್ಪಕ್ಷರದಲ್ಲಿ ಬಂದ ಒಂದೋ ಎರಡೋ ಸಂಖ್ಯೆ ಮತ್ತೆ ಕಾಡುತ್ತದೆ. ಇನ್ನೊಮ್ಮೆ ಪರೀಕ್ಷೆ ಮಾಡಿಸಲೇ?

ಉತ್ತರ: ಬೇಡ. ನಿಮ್ಮ ಸ್ಥಿತಿ ಮೇಲಿನ ಸೋದರಿಯದ್ದಕ್ಕಿಂತ ಬೇರೆ. ಅವರಿಗೆ ಕಾಯಲು ಕಾರಣವಿದೆ, ಅವರ ಭಯ ಹೆಚ್ಚಿನ ಮಟ್ಟಿಗೆ ವರದಿಯೊಂದಿಗೆ ಇಳಿಯುತ್ತದೆ. ನಿಮ್ಮ ಭಯ ವರದಿ ಬಂದ ಮೇಲೂ ಉಳಿಯುತ್ತಿದೆ.

ದಪ್ಪಕ್ಷರದ ಗುಟ್ಟನ್ನು ಮೊದಲು ಹೇಳುತ್ತೇನೆ. ಲ್ಯಾಬಿನ ವರದಿಯಲ್ಲಿ ಪ್ರತಿ ಅಂಶದ ಪಕ್ಕ ಒಂದು ಮಿತಿ ಕೊಟ್ಟಿರುತ್ತಾರಲ್ಲ, ಅವುಗಳಲ್ಲಿ ಹೆಚ್ಚಿನವನ್ನು ನಿಗದಿ ಮಾಡುವುದೇ ಆರೋಗ್ಯವಂತರ ಪೈಕಿ ಶೇ 95 ಮಂದಿ ಅದರೊಳಗೆ ಬರುವಂತೆ. ಉಳಿದ ಶೇ 5 ಆರೋಗ್ಯವಂತರು ಏನೂ ಕಾಯಿಲೆಯಿಲ್ಲದೆಯೇ ಮಿತಿಯಿಂದ ಹೊರಗಿರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಅಂಶಗಳನ್ನು ಒಟ್ಟಿಗೆ ಅಳೆದರೆ, ಸಂಪೂರ್ಣ ಆರೋಗ್ಯವಂತನಿಗೂ ಕನಿಷ್ಠ ಒಂದಾದರೂ ದಪ್ಪಕ್ಷರದಲ್ಲಿ ಬರುವ ಸಾಧ್ಯತೆ ಸುಮಾರು ಶೇ 64. ಚೆಕಪ್ ಪ್ಯಾಕೇಜುಗಳು ಅಳೆಯುವುದು ಇಪ್ಪತ್ತಲ್ಲ, ಅರವತ್ತು ಎಪ್ಪತ್ತು. ನೀವು ಎಷ್ಟು ಸಲ ಮಾಡಿಸಿದರೂ ಯಾವುದಾದರೊಂದು ಸಂಖ್ಯೆ ನಿಮ್ಮನ್ನು ಹೆದರಿಸಲು ಸಿಕ್ಕೇ ಸಿಗುತ್ತದೆ.

ಆರು ತಿಂಗಳಿಗೂ ಮೀರಿ ಹೀಗೆ ಕಾಯಿಲೆಯ ಭಯ ಆವರಿಸಿ, ಮತ್ತೆ ಮತ್ತೆ ಪರೀಕ್ಷೆಗೆ ಓಡಿಸುವ ಸ್ಥಿತಿಗೆ 2013ರಿಂದ ‘ಇಲ್‌ನೆಸ್ ಆಂಗ್ಸೈಟಿ ಡಿಸಾರ್ಡರ್’ ಎಂಬ ಹೆಸರು ಬಳಕೆಗೆ ಬಂದಿದೆ. ನಾವು ಅನಾರೋಗ್ಯದ ಆತಂಕ ಎನ್ನಬಹುದು. ನಿಮಗೆ ಅದೇ ಇದೆಯೆಂದು ಪತ್ರ ನೋಡಿ ನಿರ್ಧರಿಸುವಂತಿಲ್ಲ, ಆದರೆ ಅದನ್ನು ನೋಡಿಸಿಕೊಳ್ಳಲು ಇಷ್ಟು ಕಾರಣ ಸಾಕು. ನಿಮಗಾಗುವ ಎದೆಬಡಿತ, ಜುಮ್ಮೆನ್ನುವುದು, ಬಿಗಿತ ಯಾವುದೂ ಕಲ್ಪನೆಯಲ್ಲ, ಆತಂಕದಲ್ಲಿ ಅವು ನಿಜವಾಗಿಯೇ ಆಗುತ್ತವೆ; ಅವುಗಳ ಅರ್ಥವನ್ನು ಮನಸ್ಸು ತಪ್ಪಾಗಿ ಓದುತ್ತಿದೆ. ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಇದಕ್ಕೆ ಚೆನ್ನಾಗಿ ಫಲ ಕೊಡುತ್ತದೆ. ಬೇಕಾದರೆ ಜೊತೆಗೆ ಔಷಧಿಯೂ ಇದೆ, ಅದರ ಪರಿಣಾಮ ಕಾಣಲು ಕೆಲವು ವಾರ ಬೇಕು. ನೀವು ಇರುವ ಊರಿನಲ್ಲೇ ನಿಮ್ಹಾನ್ಸ್ ಇದೆ, ಹೊರರೋಗಿ ವಿಭಾಗದಲ್ಲಿ ತೋರಿಸಿಕೊಳ್ಳಿ.

ಅಲ್ಲಿಯವರೆಗೆ ಒಬ್ಬ ಫ್ಯಾಮಿಲಿ ಡಾಕ್ಟರನ್ನು ಹಿಡಿದು, ಯಾವ ಪರೀಕ್ಷೆ ಯಾವಾಗ ಬೇಕೆಂಬ ನಿರ್ಧಾರವನ್ನು ಪೂರ್ತಿ ಅವರಿಗೆ ಬಿಡಿ. ಪರೀಕ್ಷೆ ಬುಕ್ ಮಾಡಬೇಕೆನಿಸಿದ ಕೂಡಲೇ ಮಾಡದೆ 48 ಗಂಟೆ ತಡೆಯಿರಿ. ಆ ಬಯಕೆ ಅಲೆಯಂತೆ ಏರಿ ಇಳಿಯುವುದನ್ನು ಒಮ್ಮೆ ಕಂಡವರಿಗೆ ಎರಡನೆಯ ಸಲ ತಡೆಯುವುದು ಸುಲಭ. ನಡೆಯುವಾಗ, ಮೆಟ್ಟಿಲು ಹತ್ತುವಾಗ ಎದೆಯ ನಡುವೆ ಭಾರ ಒತ್ತಿದಂತಾಗಿ, ಅದು ಭುಜ ಅಥವಾ ದವಡೆಗೆ ಹರಡಿ, ತಣ್ಣನೆ ಬೆವರು ಬಂದರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೋಗಬೇಕು. ಇದು ಎಲ್ಲರಿಗೂ ಅನ್ವಯಿಸುವ ಮಾತು.

ಪ್ರಶ್ನೆ: ನಾನು ದುಬೈಯಲ್ಲಿದ್ದೇನೆ. ಊರಿನಲ್ಲಿರುವ ತಂದೆಯವರಿಗೆ 71 ವರ್ಷ, ಪ್ರಾಸ್ಟೇಟ್ ಬಯಾಪ್ಸಿ ಆಗಿದೆ, ವರದಿ ಮುಂದಿನ ವಾರ. ಕೆಟ್ಟದ್ದೇನಾದರೂ ಬಂದರೆ ಅಪ್ಪನಿಗೆ ಹೇಳುವುದು ಬೇಡ ಎಂದು ಅಣ್ಣ ಡಾಕ್ಟರಿಗೆ ಮೊದಲೇ ಹೇಳಿಟ್ಟಿದ್ದಾನೆ. ನನಗೆ ಇತ್ತ ಕೆಲಸವೂ ಓಡುತ್ತಿಲ್ಲ, ದಿನಕ್ಕೆ ಐದಾರು ಸಲ ಮನೆಗೆ ಫೋನ್ ಮಾಡುತ್ತಿದ್ದೇನೆ. ಅಣ್ಣನ ಮಾತು ಸರಿಯೇ?

ಉತ್ತರ: ಅಣ್ಣನ ಅಕ್ಕರೆ ಅರ್ಥವಾಗುತ್ತದೆ, ಆದರೆ ದೇಹ ತಂದೆಯವರದ್ದು, ವರದಿಯೂ ಅವರದ್ದು. ಅವರು ಎಷ್ಟು ತಿಳಿಯಲು ಬಯಸುತ್ತಾರೆ ಎಂಬುದನ್ನು ಅವರನ್ನೇ ಕೇಳಬೇಕು. ಅದನ್ನು ಕೇಳಲು ಸರಿಯಾದ ಹೊತ್ತು ಈ ವಾರ, ಫಲಿತಾಂಶ ಯಾರಿಗೂ ಗೊತ್ತಿಲ್ಲದಿರುವಾಗ. ‘ಅಪ್ಪಾ, ರಿಪೋರ್ಟ್ ಬಂದಾಗ ಡಾಕ್ಟರು ಎಲ್ಲವನ್ನೂ ನಿಮಗೇ ಹೇಳಬೇಕೋ, ಅಣ್ಣನಿಗೆ ಹೇಳಿದರೆ ಸಾಕೋ?’ ಎಂದು ನೇರವಾಗಿ ಕೇಳಿ. ‘ಅವನೇ ನೋಡಿಕೊಳ್ಳಲಿ’ ಎಂದರೆ ಅದೂ ಅವರ ನಿರ್ಧಾರವೇ, ಗೌರವಿಸಿ. ಆದರೆ ಕೇಳದೆ ಮುಚ್ಚಿಟ್ಟರೆ ಮುಂದಿನ ಚಿಕಿತ್ಸೆಗೆ ಯಾಕೆ ಕರೆದೊಯ್ಯುತ್ತಿದ್ದಾರೆಂದು ತಿಳಿಯದೆ ಅವರು ಒಬ್ಬರೇ ಹೆದರಬೇಕಾಗುತ್ತದೆ. ಈ ವಯಸ್ಸಿನಲ್ಲಿ ಕಾಣುವ ಪ್ರಾಸ್ಟೇಟ್ ಕ್ಯಾನ್ಸರುಗಳಲ್ಲಿ ಹಲವು ಬಹಳ ನಿಧಾನವಾಗಿ ಬೆಳೆಯುವಂಥವು. ಕೆಲವಕ್ಕೆ ಶಸ್ತ್ರಚಿಕಿತ್ಸೆಯನ್ನೇ ಮಾಡದೆ ಆಗಾಗ ಪರೀಕ್ಷಿಸುತ್ತಾ ಕಾಯ್ದು ನೋಡುತ್ತಾರೆ. ಅಂಥ ದಾರಿ ಹಿಡಿಯಬೇಕಾಗಿ ಬಂದರೆ ರೋಗಿಗೆ ವಿಷಯ ತಿಳಿದಿರಲೇಬೇಕು.

ನಿಮ್ಮ ಐದಾರು ಕರೆಗಳನ್ನು ಒಂದಕ್ಕೆ ಇಳಿಸಿ. ಪ್ರತಿ ಕರೆಯೂ ಆ ಮನೆಗೆ ಕಾಯಿಲೆಯ ನೆನಪನ್ನೇ ಹೊತ್ತು ತರುತ್ತದೆ. ಸಂಜೆ ಒಂದು ಹೊತ್ತು ನಿಗದಿ ಮಾಡಿಕೊಂಡು, ಮೊದಲ ಹತ್ತು ನಿಮಿಷ ತೋಟದ ಬಗ್ಗೆಯೋ ಊರ ಜಾತ್ರೆಯ ಬಗ್ಗೆಯೋ ಅಪ್ಪನಿಂದಲೇ ಮಾತು ಹೊರಡಿಸಿ. ವರದಿಯ ದಿನ ಅಣ್ಣ ಅವರ ಪಕ್ಕದಲ್ಲಿ ಕೂತಿರಲಿ. ನೀವು ಅಂದು ಅರ್ಧ ದಿನ ರಜೆ ಹಾಕಿ, ವೈದ್ಯರು ಒಪ್ಪಿದರೆ ವಿಡಿಯೊ ಕರೆಯಲ್ಲಿ ಸೇರಿಕೊಂಡು, ಅವರು ಹೇಳಿದ್ದನ್ನು ಬರೆದುಕೊಳ್ಳುವ ಕೆಲಸವನ್ನು ನೀವೇ ವಹಿಸಿಕೊಳ್ಳಿ.